ಮಯಾಮಿಯಲ್ಲಿ ಹೈಟಿಯವರ ಕೊಂಪಾ ರಾತ್ರಿಗೆ ಕರೆದಿದ್ದಾರೆ. ಏನು ಹಾಕಿಕೊಂಡು ಹೋಗಬೇಕು?

ನೀವು ಕೇಳಿದ್ದು ಇಷ್ಟು. ಮಯಾಮಿಗೆ ಬಂದು ಮೂರು ತಿಂಗಳಾಗಿದೆ. ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಹೈಟಿಯವರೊಬ್ಬರು ನಿಮ್ಮಿಬ್ಬರನ್ನೂ ಅವರ ನಾಡಿನ ಕುಣಿತದ ಸಂಗೀತವಾದ ಕೊಂಪಾದ ಲೈವ್ ರಾತ್ರಿಗೆ ಕರೆದು, "ಚೆನ್ನಾಗಿ ಡ್ರೆಸ್ ಮಾಡಿಕೊಂಡು ಬನ್ನಿ" ಅಂದಿದ್ದಾರೆ. ಹೆಂಡತಿ ಸೀರೆ ಉಡಬಹುದಾ, ಅವರ ಥರದ ಬಟ್ಟೆ ಕೊಳ್ಳಬೇಕಾ, ಅಲ್ಲಿ ಕುಣಿಯಲೇಬೇಕಾ?

ಜೀನ್ಸ್, ಟೀ ಶರ್ಟ್, ಸ್ಪೋರ್ಟ್ಸ್ ಶೂ ಬೇಡ. ಊರಲ್ಲಿ ಹತ್ತಿರದವರ ಆರತಕ್ಷತೆಗೆ ಹೇಗೆ ತಯಾರಾಗುತ್ತೀರೋ ಹಾಗೆ ತಯಾರಾಗಿ. ಸೀರೆ ಧಾರಾಳವಾಗಿ ಉಡಬಹುದು, ಆದರೆ ಯಾವ ಸೀರೆ ಅನ್ನೋದು ಮುಖ್ಯ. ಅವರ ಬಟ್ಟೆ ಕೊಳ್ಳುವ ಅಗತ್ಯ ಇಲ್ಲ. ಕುಣಿಯಲೇಬೇಕು ಅಂತ ಯಾರೂ ಬಲವಂತ ಮಾಡುವುದಿಲ್ಲ. ಸುಮ್ನೆ ನಿಂತಿರೋಕೆ ನಿಮ್ಮ ಕಾಲು ಬಿಡುತ್ತಾ ಅನ್ನೋದು ಬೇರೆ ವಿಷಯ.

ನಾನು ಇಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಅರ್ಧಕ್ಕರ್ಧ ನರ್ಸ್‌ಗಳು ಹೈಟಿಯವರು. ಅವರೇ ನನಗೆ ಈ ಹುಚ್ಚು ಹಿಡಿಸಿದ್ದು. ಮೊದಲ ಸಲ ಹೋಗುವಾಗ ಅಮ್ಮನಿಗೆ ಫೋನಿನಲ್ಲಿ "ಕೊಂಪಾಗೆ ಹೋಗ್ತಿದ್ದೀವಿ" ಅಂದೆ. ಅಮ್ಮ ಗದಗಿನವಳು. "ರಾತ್ರ್ಯಾಗ ಅದ್ಯಾವ ಕೊಂಪಿಗೆ ಹೊಂಟೀಯವ್ವಾ?" ಅಂದಳು. ಕೊಂಪೆಯಲ್ಲ ಅಮ್ಮ, ಕೊಂಪಾ, ಅದು ಸಂಗೀತ ಅಂತ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಆವತ್ತು ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಸಂಗೀತ ಕಾರ್ಯಕ್ರಮ ತಾನೇ ಅಂದುಕೊಂಡು ನಾನು ಕುರ್ತಾ, ಜೀನ್ಸ್ ಹಾಕಿದ್ದೆ. ನಮ್ಮೆಜಮಾನರು ಮಂಡಿವರೆಗಿನ ಚಡ್ಡಿ, ಕಾಲಿಗೆ ಚಪ್ಪಲಿ. ಬಾಗಿಲಲ್ಲಿ ನಿಂತಿದ್ದ ಆಳೆತ್ತರದ ಮನುಷ್ಯ ಟಿಕೆಟ್ ನೋಡಲಿಲ್ಲ, ಮುಖ ನೋಡಲಿಲ್ಲ. ಬಗ್ಗಿ ಕಾಲು ನೋಡಿದ. ಬೈಯಲಿಲ್ಲ, ನಕ್ಕು ತಲೆಯಾಡಿಸಿದ ಅಷ್ಟೇ. ನಮ್ಮ ಪಕ್ಕದಲ್ಲಿ ಒಳಗೆ ಹೋಗುತ್ತಿದ್ದವರೊಬ್ಬರಿಗೆ ಎಪ್ಪತ್ತು ದಾಟಿರಬೇಕು. ಗರಿಗರಿ ಇಸ್ತ್ರಿಯ ಬಿಳಿ ಲಿನನ್ ಶರ್ಟ್, ಕಂದು ಪ್ಯಾಂಟ್, ದೀಪದ ಬೆಳಕು ಬೀಳುವಷ್ಟು ಪಾಲಿಶ್ ಮಾಡಿದ ಶೂ. ಹಿಂದಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಕರ್ಚೀಫ್. ಅವರನ್ನು ನೋಡಿದ ಮೇಲೆ ಬಾಗಿಲಿನವನ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ.

ಮನೆಗೆ ಹೋಗಿ ಬಟ್ಟೆ ಬದಲಾಯಿಸಿ ವಾಪಸ್ ಬರಲು ಒಂದೂವರೆ ಗಂಟೆ ಹಿಡಿಯಿತು. ಏನೂ ತಪ್ಪಿಹೋಗಿರಲಿಲ್ಲ. ಟಿಕೆಟ್ಟಿನಲ್ಲಿ ಹತ್ತು ಗಂಟೆ ಅಂತಿತ್ತು, ಮುಖ್ಯ ಬ್ಯಾಂಡ್ ವೇದಿಕೆ ಹತ್ತಿದ್ದು ರಾತ್ರಿ ಒಂದೂವರೆ ದಾಟಿದ ಮೇಲೆ. ಇದು ಆಮೇಲೂ ಬದಲಾಗಿಲ್ಲ. ಮಧ್ಯಾಹ್ನ ಒಂದು ನಿದ್ದೆ ಮಾಡಿ, ಮನೆಯಲ್ಲೇ ಊಟ ಮುಗಿಸಿ ಹೋಗಿ.

ಇಷ್ಟೊಂದು ಅಲಂಕಾರ ಯಾಕೆ ಅಂದರೆ, ಅವರು ಇಂಥ ರಾತ್ರಿಗೆ ಹೇಳುವ ಮಾತೇ 'ಬಾಲ್'. ಕುಣಿತದ ಕೂಟ ಅಂತ. ಕೊಂಪಾ ಹುಟ್ಟಿದ್ದೂ ಅಂಥ ಕಡೆಯೇ. 1955ರಲ್ಲಿ ಹೈಟಿಯ ರಾಜಧಾನಿ ಪೋರ್ಟೋ ಪ್ರಿನ್ಸ್‌ನಲ್ಲಿ ನೆಮೂರ್ ಜಾನ್ ಬ್ಯಾಪ್ಟಿಸ್ಟ್ ಎಂಬ ಸ್ಯಾಕ್ಸೊಫೋನ್ ವಾದಕ ತನ್ನ ವಾದ್ಯಗೋಷ್ಠಿಗೆ ಈ ಲಯ ಕಟ್ಟಿದ. ಗಂಡ ಹೆಂಡತಿ, ಪ್ರೇಮಿಗಳು ಜೋಡಿಯಾಗಿ ಬಂದು ಕುಣಿಯಲಿ ಅಂತಲೇ ಮಾಡಿದ ಸಂಗೀತ. ಅರವತ್ತರ ದಶಕದಲ್ಲಿ ದೊಡ್ಡ ವಾದ್ಯಗೋಷ್ಠಿಗಳ ಜಾಗಕ್ಕೆ ಗಿಟಾರ್ ಹಿಡಿದ ಹುಡುಗರ ಸಣ್ಣ ತಂಡಗಳು ಬಂದವು, ಅವಕ್ಕೆ ಮಿನಿ ಜಾಝ್ ಅಂತ ಹೆಸರು. 1968ರಲ್ಲಿ ಪೆಶನ್‌ವಿಲ್‌ನಲ್ಲಿ ಶುರುವಾದ ತಾಬೂ ಕೊಂಬೋ ತಂಡ ಆಮೇಲೆ ನ್ಯೂಯಾರ್ಕಿಗೆ ಬಂದು ಲೋಕವೆಲ್ಲ ಸುತ್ತಿತು. ನಮ್ಮ ಮಯಾಮಿಯದ್ದೇ ತಂಡ ಅಂದರೆ ಟಿ ವೈಸ್. ವಾದ್ಯ ಬದಲಾದರೂ ಕೂಟ ಕೂಟವಾಗಿಯೇ ಉಳಿಯಿತು. ಕುರ್ಚಿಯಲ್ಲಿ ಕೂತು ತಾಳ ಹಾಕುವ ಕಚೇರಿ ಇದಲ್ಲ, ಮದುವೆ ಮನೆ ಅಂದುಕೊಳ್ಳಿ. ಮದುವೆ ಮನೆಗೆ ಚಡ್ಡಿಯಲ್ಲಿ ಹೋದರೆ ಬೇಜಾರಾಗುವುದು ಕರೆದವರಿಗೆ ಅಲ್ವಾ?

ನಿಮ್ಮ ವಿಷಯ ಬೇಗ ಮುಗಿಯುತ್ತದೆ. ತಿಳಿ ಬಣ್ಣದ ಲಿನನ್ ಶರ್ಟ್, ಒಳ್ಳೆ ಪ್ಯಾಂಟ್, ಚರ್ಮದ ಶೂ, ಎರಡು ಕರ್ಚೀಫ್. ಎರಡು ಯಾಕೆ ಅಂತ ರಾತ್ರಿ ಎರಡು ಗಂಟೆಗೆ ಗೊತ್ತಾಗುತ್ತದೆ. ನಾಲ್ಕು ಜೇಬಿನ, ಮುಂದೆ ಉದ್ದಕ್ಕೆ ನೆರಿಗೆ ಹೊಲಿದ ಗ್ವಾಯಾಬೇರಾ ಶರ್ಟ್ ಮಯಾಮಿಯಲ್ಲಿ ಎಲ್ಲ ಕಡೆ ಸಿಗುತ್ತದೆ, ಅದೂ ನಡೆಯುತ್ತದೆ. ಕಾಟನ್ ಜುಬ್ಬಾ ಹಾಕಿದರೂ ಚೆಂದವೇ. ರೇಷ್ಮೆ ಶೇರ್ವಾನಿ ಮಾತ್ರ ಬೇಡ, ಬೆಂದು ಹೋಗುತ್ತೀರಿ.

ಈಗ ಸೀರೆ. ನಾನೊಮ್ಮೆ ಮೈಸೂರು ಸಿಲ್ಕ್ ಉಟ್ಟು ಬಾಲ್‌ಗೆ ಹೋಗಿದ್ದೆ. ನೋಡಿದವರೆಲ್ಲ ಹೊಗಳಿದರು, ಉಟ್ಟವಳಿಗೆ ಮಾತ್ರ ನರಕ. ಇಲ್ಲಿನ ಸೆಕೆಗೆ ರೇಷ್ಮೆ ಮೈಗಂಟಿತು, ಜನಜಂಗುಳಿಯಲ್ಲಿ ಯಾರೋ ನೆರಿಗೆ ತುಳಿದರು, ಒಂದು ಕೈ ಪೂರ್ತಿ ಸೆರಗು ಹಿಡಿಯುವುದಕ್ಕೇ ಹೋಯಿತು. ಒಳಾಂಗಣದ ಬಾಲ್‌ಗೆ ಹೋಗಿ ಕುಣಿಯುವ ಆಸೆ ಇದ್ದರೆ ಉದ್ದ ಫ್ರಾಕೋ ಅನಾರ್ಕಲಿಯೋ ವಾಸಿ. ಅಲ್ಲಿನ ಹೆಂಗಸರು ಹಾಕುವುದೂ ಮೈಗೆ ಹಿಡಿದ ಚೆಂದದ ಡ್ರೆಸ್, ಹೈ ಹೀಲ್ಸ್, ಅಂದವಾಗಿ ಸಿಂಗರಿಸಿದ ಕೂದಲು.

ಸೀರೆಗೆ ಸರಿಯಾದ ಜಾಗ ಬಯಲಲ್ಲಿ ನಡೆಯುವ ಸಂಜೆಗಳು. ಮೇ 18 ಹೈಟಿಯ ಧ್ವಜದ ದಿನ. ಆ ತಿಂಗಳು ಮಯಾಮಿ ಪೂರ್ತಿ ನೀಲಿ, ಕೆಂಪು. 1803ರಲ್ಲಿ ಅರ್ಕಾಯೆ ಎಂಬ ಊರಿನಲ್ಲಿ ಅವರ ಸ್ವಾತಂತ್ರ್ಯ ಹೋರಾಟದ ನಾಯಕ ದೆಸಲೀನ್ ಫ್ರೆಂಚ್ ಬಾವುಟದ ನಡುವಿನ ಬಿಳಿ ಪಟ್ಟಿಯನ್ನು ಕಿತ್ತೆಸೆದನಂತೆ, ಉಳಿದ ನೀಲಿ ಕೆಂಪನ್ನು ಕಾತರೀನ್ ಫ್ಲೋನ್ ಎಂಬ ಹೆಣ್ಣುಮಗಳು ಸೇರಿಸಿ ಹೊಲಿದಳಂತೆ. ಈ ಕಥೆ ಅವರ ಮಕ್ಕಳಿಗೂ ಬಾಯಿಪಾಠ. ನನ್ನ ಹತ್ತಿರ ಅಮ್ಮ ಕೊಟ್ಟ ಇಳಕಲ್ ಸೀರೆ ಇತ್ತು. ಕಡುನೀಲಿ ಚೌಕುಳಿ ಒಡಲು, ಕೆಂಪು ಅಂಚು, ಟೋಪಿ ತೆನಿ ಸೆರಗು. ಬೇಕಂತಲೇ ಹುಡುಕಿದರೂ ಅವರ ಬಾವುಟಕ್ಕೆ ಇಷ್ಟು ಹೊಂದುವ ಸೀರೆ ಸಿಗುತ್ತಿರಲಿಲ್ಲ.

ಅವತ್ತು ಗೆಳತಿಯ ಮತಾಂತ್ ನನ್ನ ಸೆರಗನ್ನು ಬಿಡಲೇ ಇಲ್ಲ. ಮತಾಂತ್ ಅಂದರೆ ಅವರ ಕ್ರೆಯೋಲ್ ಭಾಷೆಯಲ್ಲಿ ಚಿಕ್ಕಮ್ಮನೂ ಹೌದು, ಅತ್ತೆಯೂ ಹೌದು. ಒಡಲಿನ ಬಟ್ಟೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿದರು. ನಮ್ಮ ಅಂಗಡಿಗಳಲ್ಲಿ ಅಜ್ಜಿಯರು ನೋಡುತ್ತಾರಲ್ಲ, ಥೇಟ್ ಹಾಗೆ. ಆಮೇಲೆ "ಮದ್ರಾಸ್?" ಅಂತ ಕೇಳಿದರು. ನಾನು ಅವರು ಊರಿನ ಹೆಸರು ಕೇಳುತ್ತಿದ್ದಾರೆ ಅಂದುಕೊಂಡು "ಅಲ್ಲ, ಕರ್ನಾಟಕ" ಅಂದೆ! ಅವರು ಕೇಳಿದ್ದು ಬಟ್ಟೆಯ ಹೆಸರು. 18ನೇ ಶತಮಾನದಲ್ಲಿ ಯುರೋಪಿನ ವ್ಯಾಪಾರಿಗಳು ಕೋರಮಂಡಲ ತೀರದಿಂದ ಹಡಗಿಗೆ ತುಂಬಿ ಒಯ್ದ ಚೌಕುಳಿ ಹತ್ತಿ ಬಟ್ಟೆ ಕೆರಿಬಿಯನ್ ದ್ವೀಪಗಳಲ್ಲಿ ಹೆಂಗಸರ ತಲೆವಸ್ತ್ರವಾಯಿತು. ಬಂದರಿನ ಹೆಸರೇ ಬಟ್ಟೆಗೆ ನಿಂತುಹೋಯಿತು. ನಿಮ್ಮ ಹೆಂಡತಿಯ ಹತ್ತಿರ ಚೌಕುಳಿಯ ಕಾಟನ್ ಸೀರೆ ಇದ್ದರೆ ಅದನ್ನೇ ಉಡಲಿ. ಮಾತಿಗೆ ಬೇರೆ ಪೀಠಿಕೆ ಬೇಕಾಗುವುದಿಲ್ಲ.

ಅವರದ್ದೇ ಉಡುಪಿಗೆ ಕಾರಾಬೆಲಾ ಅಂತ ಹೆಸರು. ಹತ್ತಿಯ ಉದ್ದ ಘೇರಿನ ಲಂಗ, ಭುಜ ಕಾಣುವಂತೆ ಕತ್ತಿನ ಸುತ್ತ ಫ್ರಿಲ್, ಅಂಚಿಗೆ ಬಣ್ಣದ ಪಟ್ಟಿ, ತಲೆಗೆ ವಸ್ತ್ರ. ನೋಡೋಕೆ ತುಂಬಾ ಚೆಂದ. ಧ್ವಜದ ದಿನ, ಜಾನಪದ ಕುಣಿತಗಳಲ್ಲಿ ಕಾಣುತ್ತದೆ. ನಾನು ಹೋದ ಬಾಲ್‌ಗಳಲ್ಲಿ ಪ್ರೇಕ್ಷಕರು ಹಾಕಿದ್ದನ್ನು ನೋಡಿಲ್ಲ. ಹೈಟಿಯ ಗೆಳತಿ ತಾನಾಗಿ ಉಡುಗೊರೆ ಕೊಟ್ಟರೆ ನಿಮ್ಮ ಹೆಂಡತಿ ಹಾಕಿಕೊಳ್ಳಲಿ. ಇಲ್ಲದಿದ್ದರೆ ನಮ್ಮ ಮದುವೆಗೆ ಬಂದ ಅಪರಿಚಿತರು ಬಾಸಿಂಗ ಕಟ್ಟಿಕೊಂಡು ನಿಂತ ಹಾಗೆ ಆದೀತು.

ಒಂದು ವೇಷದ ಬಗ್ಗೆ ಮಾತ್ರ ನಿಜವಾಗಿ ಹುಷಾರು. ನೀಲಿ ಡೆನಿಮ್ ಶರ್ಟ್, ಕತ್ತಿಗೆ ಕೆಂಪು ವಸ್ತ್ರ, ಕಪ್ಪು ಕನ್ನಡಕ. ಬಾವುಟದ ಬಣ್ಣ ಅಂತ ನೀವು ಖುಷಿಯಲ್ಲಿ ಹಾಕಿಬಿಡಬಹುದು. ಡೆನಿಮ್ಮೂ ಕೆಂಪು ವಸ್ತ್ರವೂ ಮೂಲದಲ್ಲಿ ಅವರ ರೈತರ ದೇವರು ಅಝಾಕಾನವು. ಆದರೆ ಸರ್ವಾಧಿಕಾರಿ ದುವಾಲಿಯೆಯ ತೊಂತೋ ಮಕೂತ್ ಪಡೆಯವರು ಅದನ್ನೇ ತೊಟ್ಟು, ಮೇಲೆ ಕಪ್ಪು ಕನ್ನಡಕ ಏರಿಸಿಕೊಂಡು ಜನರನ್ನು ಎಳೆದೊಯ್ದರು, ಕೊಂದರು. ಬಾವುಟದ ನೀಲಿಯನ್ನೂ ಆತ 1964ರಲ್ಲಿ ಕಪ್ಪು ಮಾಡಿದ್ದ. ಅವನ ನಂತರ ಆಳಿದ ಮಗ ದೇಶ ಬಿಟ್ಟು ಓಡಿದ 1986ರಲ್ಲೇ ನೀಲಿ ವಾಪಸ್ ಬಂದಿದ್ದು. ಆ ಕಾಲ ಕಂಡ ಹಿರಿಯರು ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ.

ಮೊದಲ ಸಲಕ್ಕೆ ಬಾಲ್ ಜಾಸ್ತಿ ಆಯಿತು ಅನಿಸಿದರೆ ಲಿಟ್ಲ್ ಹೈಟಿ ಕಲ್ಚರಲ್ ಕಾಂಪ್ಲೆಕ್ಸ್ ಕಡೆ ಒಂದು ಸಂಜೆ ಹೋಗಿ ಬನ್ನಿ. ಪಕ್ಕದಲ್ಲೇ ಪೋರ್ಟೋ ಪ್ರಿನ್ಸ್‌ನ ಕಬ್ಬಿಣದ ಮಾರುಕಟ್ಟೆಯ ಮಾದರಿಯಲ್ಲಿ ಕಟ್ಟಿದ ಬಣ್ಣಬಣ್ಣದ ಕೆರಿಬಿಯನ್ ಮಾರುಕಟ್ಟೆ ಇದೆ. ಅಲ್ಲಿಗೆ ಕಾಟನ್ ಬಟ್ಟೆ, ಚಪ್ಪಟೆ ಚಪ್ಪಲಿ ಸಾಕು. ಅದೃಷ್ಟ ಇದ್ದರೆ ರಾರಾ ಅನ್ನುವ ಬೀದಿ ಮೆರವಣಿಗೆ ಸಂಗೀತದ ತಂಡ ಸಿಗುತ್ತದೆ. ಬಿದಿರಿನ ಕೊಳವೆಗಳನ್ನು ಊದುತ್ತಾರೆ, ಅದಕ್ಕೆ ವಾಕ್ಸೀನ್ ಅಂತ ಹೆಸರು. ಒಂದೊಂದು ಕೊಳವೆಗೆ ಒಂದೇ ಸ್ವರ. ಇವನು ಊದಿ ಬಿಟ್ಟ ಜಾಗದಲ್ಲಿ ಅವನು, ಅವನು ಬಿಟ್ಟಲ್ಲಿ ಮತ್ತೊಬ್ಬ. ಹೀಗೆ ನಾಲ್ಕೈದು ಜನ ಸೇರಿದರೆ ಒಂದು ರಾಗ. ಒಬ್ಬ ಊದದಿದ್ದರೂ ರಾಗಕ್ಕೆ ತೂತು.

ಕುಣಿತಕ್ಕೆ ಹೆದರಬೇಡಿ. ತಂಬೂ ಡೋಲು, ಗಂಟೆ, ಗಿಟಾರ್ ಒಂದಕ್ಕೊಂದು ಹೆಣೆದುಕೊಂಡು ಒಂದೇ ವೇಗದಲ್ಲಿ ಹೋಗುತ್ತಿರುತ್ತವೆ. ಕಾಲು ಆ ಕಡೆ ಒಂದು, ಈ ಕಡೆ ಒಂದು, ಉಳಿದಿದ್ದೆಲ್ಲ ಸೊಂಟದ್ದು. ಜೋಡಿಗಳು ಅಂಟಿಕೊಂಡೇ ಕುಣಿಯುತ್ತವೆ, ಅದಕ್ಕೆ 'ಕೋಲೆ' ಅಂತಲೇ ಹೇಳುತ್ತಾರೆ, ಅಂಟು ಅಂತ ಅರ್ಥ. ಮೊದಲ ಸಲ ನನಗೆ ಕಣ್ಣು ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಆಮೇಲೆ ನೋಡಿದರೆ ಮೊಮ್ಮಕ್ಕಳನ್ನು ಕಂಡ ದಂಪತಿಗಳೂ ಕಣ್ಣು ಮುಚ್ಚಿ ಹಾಗೇ ಕುಣಿಯುತ್ತಿದ್ದರು. ಬೇರೆಯವರು ಕುಣಿಯೋಕೆ ಕರೆದರೆ ನಕ್ಕು ಬೇಡ ಅಂದರೆ ಮುಗಿಯಿತು, ಯಾರೂ ತಪ್ಪು ತಿಳಿಯುವುದಿಲ್ಲ. "ಸಾಕ್ ಪಾಸೆ?" ಅಂತ ಯಾರಾದರೂ ಕೇಳಿದರೆ "ನಾಪ್ ಬೂಲೆ" ಅನ್ನಿ. ಏನ್ ಸಮಾಚಾರ ಅಂದರೆ 'ಉರೀತಾ ಇದ್ದೀವಿ' ಅಂದ ಹಾಗೆ. ಸೆಕೆಗೆ ಅದು ಅಕ್ಷರಶಃ ನಿಜ.

ಸಸ್ಯಾಹಾರಿಗಳಾದರೆ ಕೇಳಿ ತಿನ್ನಿ. ಗ್ರಿಯೋ ಅಂದರೆ ಹಂದಿ ಮಾಂಸ. ಆಕ್ರಾ ಅನ್ನುವುದು ಕೆಸುವಿನ ಜಾತಿಯ ಗಡ್ಡೆ ತುರಿದು ಕರಿದ ಬೋಂಡ, ಆದರೆ ಕೆಲವರು ಮೀನು ಸೇರಿಸುತ್ತಾರೆ. ಎರಡು ಸಲ ಕರಿದ ಬಾಳೆಕಾಯಿ, ಮೇಲೆ ಪಿಕ್ಲೀಸ್ ಅನ್ನುವ ಖಾರದ ಎಲೆಕೋಸಿನ ಉಪ್ಪಿನಕಾಯಿ, ಇಷ್ಟಿದ್ದರೆ ನಾನಂತೂ ಬೇರೆ ಕೇಳುವುದಿಲ್ಲ.

ನಿಮ್ಮ ಸಹೋದ್ಯೋಗಿಯ ಜೊತೆ ಮಾತಿಗೆ ಒಂದು ಎಳೆ ಬೇಕಾದರೆ: 2025ರ ಡಿಸೆಂಬರಿನಲ್ಲಿ ಯುನೆಸ್ಕೋ ಸಭೆ ನಮ್ಮ ದೆಹಲಿಯ ಕೆಂಪುಕೋಟೆಯಲ್ಲಿ ನಡೆಯಿತು. ನಮ್ಮ ದೀಪಾವಳಿ ಪರಂಪರೆಯ ಪಟ್ಟಿಗೆ ಸೇರಿದ್ದು ಅಲ್ಲೇ, ಅವರ ಕೊಂಪಾ ಸೇರಿದ್ದೂ ಅಲ್ಲೇ. ಇದನ್ನು ಹೇಳಿದಾಗ ನಮ್ಮ ವಾರ್ಡಿನ ಹಿರಿಯ ನರ್ಸ್ ನನ್ನನ್ನು ಅಪ್ಪಿಕೊಂಡು ಎರಡು ಸುತ್ತು ತಿರುಗಿಸಿದರು, ಡ್ಯೂಟಿಯಲ್ಲೇ.

ಹೆಂಡತಿಗೆ ಹೇಳಿ: ಸೀರೆಯೇ ಆದರೆ ನೆರಿಗೆ ಒಂದು ಬೆರಳು ಮೇಲಕ್ಕೆ, ಪಿನ್ನು ಮೂರು ಕಡೆ. ಮತ್ತೆ ಕಾರಿನಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಇರಲಿ. ಬೆಳಗಿನ ಜಾವ ನಾಲ್ಕಕ್ಕೆ ಪಾರ್ಕಿಂಗ್‌ನಲ್ಲಿ ನೋಡುತ್ತೀರಿ, ಅಷ್ಟು ಚೆಂದ ಅಲಂಕಾರ ಮಾಡಿಕೊಂಡು ಬಂದ ಹೆಂಗಸರೆಲ್ಲ ಹೀಲ್ಸ್ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಕಾರು ಹುಡುಕುತ್ತಿರುತ್ತಾರೆ.