ಕೆನಡಾದ ಮೊರೇನ್ ಲೇಕ್‌ಗೆ ಸ್ವಂತ ಕಾರು ಯಾಕೆ ಬಿಡಲ್ಲ?

ಜಾಗ ಇಲ್ಲ, ಅಷ್ಟೇ. ಬ್ಯಾನ್ಫ್ ನ್ಯಾಷನಲ್ ಪಾರ್ಕ್‌ನ ಈ ಸರೋವರಕ್ಕೆ ಇರುವುದು ಒಂದೇ ಸಣ್ಣ ರಸ್ತೆ, ಅದೂ ಚಳಿಗಾಲದಲ್ಲಿ ಹಿಮಕುಸಿತದ ಭಯಕ್ಕೆ ಮುಚ್ಚಿರುತ್ತದೆ, ಹಾಗಾಗಿ ಜನವೆಲ್ಲ ಜೂನ್‌ನಿಂದ ಅಕ್ಟೋಬರ್ ನಡುವೆಯೇ ಬಂದು ಮುಗಿಬೀಳುತ್ತಿದ್ದರು. ಸೂರ್ಯ ಹುಟ್ಟುವ ಮೊದಲೇ ಪಾರ್ಕಿಂಗ್ ಫುಲ್! ಉಳಿದವರು ಸುಮ್ನೆ ವಾಪಸ್ ಹೋಗಬೇಕಿತ್ತು.

ಅದಕ್ಕೇ 2023ರಿಂದ ಖಾಸಗಿ ಕಾರು ಬಂದ್. ಅಂಗವಿಕಲರ ಪಾರ್ಕಿಂಗ್ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ನೀವು ಪಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ಶಟಲ್ ಬಸ್ ಬುಕ್ ಮಾಡಿ. ಅರ್ಧಕ್ಕಿಂತ ಜಾಸ್ತಿ ಸೀಟುಗಳನ್ನು ಹೋಗುವ ದಿನಕ್ಕಿಂತ ಎರಡು ದಿನ ಮೊದಲು ಬೆಳಿಗ್ಗೆ 8ಕ್ಕೆ, ಅಲ್ಲಿನ ಸಮಯಕ್ಕೆ, ಬಿಡುತ್ತಾರೆ, ಅಲಾರಂ ಇಟ್ಟುಕೊಳ್ಳಿ. ಸೈಕಲ್‌ಗೆ ತಡೆ ಇಲ್ಲ, ಆದರೆ ಏರು ರಸ್ತೆ ಕಾಲು ಹಿಂಡುತ್ತದೆ.

ನನಗಂತೂ ಇದೇ ಸರಿ ಅನಿಸುತ್ತದೆ. ಬಸ್ಸಲ್ಲೂ ಜನ ಬಂದೇ ಬರುತ್ತಾರೆ, ದಡದ ರಾಕ್‌ಪೈಲ್ ಅನ್ನೋ ಬಂಡೆರಾಶಿ ಮೇಲೆ ಮೊಬೈಲ್ ಹಿಡಿದು ನಿಲ್ಲುವವರು ಇದ್ದೇ ಇರುತ್ತಾರೆ. ಕಾರಿನ ಸಾಲಾದರೂ ಇರಲ್ಲ, ಅಲ್ವಾ?