ಬ್ಲೆಂಡೆಡ್ ಸ್ಕಾಚ್ ಅಂದ್ರೆ ಕಲಬೆರಕೆನಾ ಅಂತ ಕೇಳಿದ್ರಲ್ಲ

ಸೆಪ್ಟೆಂಬರ್‌ಗೆ ಗ್ಲಾಸ್ಗೋಗೆ ಓದೋಕೆ ಬರ್ತಿದೀರ, ಸಂತೋಷ. ರೂಮು, ಚಳಿ, ಪಾರ್ಟ್ ಟೈಮ್ ಕೆಲಸದ ಬಗ್ಗೆ ಬೇರೆಯವರು ಹೇಳಿದಾರೆ, ಆದ್ರೆ ಇಲ್ಲಿಯವರು ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿ) ಮಾತ್ರ ಕುಡಿಯೋದಾ, ಬ್ಲೆಂಡೆಡ್ ಅಂದ್ರೆ ಕಲಬೆರಕೆ ಮಾಲಾ ಅಂತ ಕೇಳಿದ್ರಲ್ಲ, ಅದಕ್ಕೆ ನಾನು ಉತ್ತರ ಕೊಡ್ತೀನಿ, ಇಷ್ಟು ವರ್ಷ ಇಲ್ಲೇ ಇದ್ದು ಆ ಮಾತು ಕೇಳಿದಾಗೆಲ್ಲ ನಂಗೆ ಬೇಜಾರಾಗತ್ತೆ.

ಕಲಬೆರಕೆ ಅಲ್ಲ, ಬ್ಲೆಂಡ್‌ನಲ್ಲಿ ಎರಡು ಥರದ ವಿಸ್ಕಿ ಸೇರತ್ತೆ. ಒಂದು ಮಾಲ್ಟ್, ಬರೀ ಮೊಳಕೆ ಬಾರ್ಲಿಯಿಂದ ತಾಮ್ರದ ಪಾಟ್ ಸ್ಟಿಲ್‌ನಲ್ಲಿ (ಹಂಡೆ ಥರದ ಭಟ್ಟಿ) ಸಾಮಾನ್ಯವಾಗಿ ಎರಡು ಸಲ ಭಟ್ಟಿ ಇಳಿಸಿದ್ದು, ರುಚಿ ಗಾಢ. ಇನ್ನೊಂದು ಗ್ರೇನ್, ಗೋಧಿನೋ ಮೆಕ್ಕೆಜೋಳನೋ ಹಾಕಿ ಜೊತೆಗೆ ಸ್ವಲ್ಪ ಮೊಳಕೆ ಬಾರ್ಲಿ ಸೇರಿಸಿ ಎತ್ತರದ ಕಾಲಮ್ ಸ್ಟಿಲ್‌ನಲ್ಲಿ ಇಳಿಸೋದು, ಹಗುರ (ಗ್ಲಾಸ್ಗೋದಲ್ಲೇ ಗೋರ್ಬಲ್ಸ್ ಏರಿಯಾದಲ್ಲಿ ಸ್ಟ್ರಾತ್‌ಕ್ಲೈಡ್ ಅಂತ ಗ್ರೇನ್ ಡಿಸ್ಟಿಲರಿ ಇದೆ). ಎರಡೂ ಸ್ಕಾಟ್ಲೆಂಡ್‌ನಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಬೇಕು, ಬಾಟಲಿಗೆ ಬರುವಾಗ ಆಲ್ಕೋಹಾಲ್ ಶೇ. 40ಕ್ಕಿಂತ ಕಮ್ಮಿ ಇರಬಾರದು, ನೀರು ಮತ್ತೆ ಬಣ್ಣಕ್ಕೆ ಕ್ಯಾರಮೆಲ್ ಬಿಟ್ರೆ ಏನೂ ಹಾಕಂಗಿಲ್ಲ. ನಮ್ಮ ಕಡೆ ಸಿಗೋ ಎಷ್ಟೋ ವಿಸ್ಕಿಗಳಲ್ಲಿ ಕಾಕಂಬಿ ಸ್ಪಿರಿಟ್ ಇರತ್ತೆ, ಅದನ್ನ ಇಲ್ಲಿ ವಿಸ್ಕಿ ಅಂತ ಮಾರೋಕೇ ಆಗಲ್ಲ, ನಮ್ಮವರ ಅನುಮಾನ ಅಲ್ಲಿಂದ ಬಂದಿದ್ದು ಅನ್ಸತ್ತೆ.

ಬ್ಲೆಂಡೆಡ್ ಸ್ಕಾಚ್ ಬೆಳೆಸಿದವರಲ್ಲಿ ಕಿರಾಣಿ ಅಂಗಡಿಯವರೇ ಜಾಸ್ತಿ, ಕಿಲ್ಮಾರ್ನಾಕ್‌ನಲ್ಲಿ 1820ರಲ್ಲಿ ಅಂಗಡಿ ಶುರು ಮಾಡಿದ ಜಾನ್ ವಾಕರ್, ಅಬರ್ಡೀನ್‌ನ ಶಿವಾಸ್ ಅಣ್ಣತಮ್ಮಂದಿರು. ಅಬಕಾರಿಯಲ್ಲಿದ್ದ ಈನಿಯಸ್ ಕಾಫಿ ಅನ್ನೋರು 1830ರಲ್ಲಿ ಪೇಟೆಂಟ್ ಪಡೆದ ಕಾಲಮ್ ಸ್ಟಿಲ್‌ನಿಂದ ಗ್ರೇನ್ ವಿಸ್ಕಿ ಅಗ್ಗ ಆಯ್ತು, ಎಡಿನ್‌ಬರಾದ ಆಂಡ್ರ್ಯೂ ಅಶರ್ 1853ರಲ್ಲಿ ಮಾಲ್ಟ್‌ಗಳನ್ನ ಬೆರೆಸಿ ಮಾರಿದ, 1860ರ ಕಾನೂನು ಮಾಲ್ಟು ಗ್ರೇನು ಎರಡನ್ನೂ ತೆರಿಗೆ ಕಟ್ಟೋ ಮೊದ್ಲೇ ಗೋದಾಮಿನಲ್ಲಿ ಬೆರೆಸೋಕೆ ಬಿಡ್ತು, ಆಮೇಲೆ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗೆ ಫಿಲಾಕ್ಸೆರಾ ಹುಳ ಬಿದ್ದು ಬ್ರಾಂದಿ ಸಿಗದೇ ಹೋದಾಗ ಲಂಡನ್ನಿನವರೂ ಇದಕ್ಕೇ ಬಂದ್ರು. ಎಡಿನ್‌ಬರಾಗೆ ಹೋದ್ರೆ ಅಶರ್ ಹಾಲ್‌ನಲ್ಲಿ ಒಂದು ಸಂಗೀತ ಕಚೇರಿ ಕೇಳಿ, ಅದು ಆ ಮನೆತನದ ದುಡ್ಡಲ್ಲೇ ಕಟ್ಟಿದ್ದು.

ನಾನು ನಿಜವಾಗ್ಲೂ ತಲೆಬಾಗೋದು ಬ್ಲೆಂಡರ್‌ಗಳಿಗೆ, ಅಂದ್ರೆ ವಿಸ್ಕಿ ಬೆರೆಸೋ ಪರಿಣತರಿಗೆ. ಒಂದೊಂದು ಪೀಪಾಯಿ ಒಂದೊಂದು ಥರ, ಹಿಂದೆ ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದು, ಶೆರ್ರಿ (ಸ್ಪೇನಿನ ವೈನ್) ತುಂಬಿದ್ದು, ಅಂಥ ಹತ್ತಾರು ಡಿಸ್ಟಿಲರಿಯ ಸ್ಯಾಂಪಲ್ ನೀರು ಬೆರೆಸಿ ಮೂಗಲ್ಲೇ ನೋಡಿ, ಈ ವರ್ಷದ ಬಾಟಲಿ ಹೋದ ವರ್ಷದ ಹಾಗೇ ಇರೋ ಥರ ಮಾಡ್ತಾರೆ, ಮೆಣಸಿನಕಾಯಿ ಪ್ರತಿ ವರ್ಷ ಬೇರೆ ಆದ್ರೂ ಅಮ್ಮನ ಸಾರಿನ ಪುಡಿ ಬದಲಾಗಲ್ವಲ್ಲ ಹಾಗೆ. ಪೈಪೋಟಿ ಕಂಪನಿಗಳೂ ಒಬ್ಬರಿಗೊಬ್ಬರು ಪೀಪಾಯಿ ಅದಲುಬದಲು ಮಾಡ್ಕೋತಾರೆ, ಸ್ಕಾಟ್ಲೆಂಡಿನ ಈಶಾನ್ಯದ ಸ್ಪೇಸೈಡ್‌ನ ಎಷ್ಟೋ ಮಾಲ್ಟ್ ಡಿಸ್ಟಿಲರಿಗಳು ಉಳಿದಿರೋದೇ ಬ್ಲೆಂಡ್‌ನಿಂದ.

ಇನ್ನು ಕೊಳ್ಳುವಾಗ: ಲೇಬಲ್ ಮೇಲೆ 12 ವರ್ಷ ಅಂತಿದ್ರೆ ಅದು ಒಳಗಿರೋ ಅತಿ ಚಿಕ್ಕ ವಿಸ್ಕಿಯ ವಯಸ್ಸು. ಇಲ್ಲಿ ಕನಿಷ್ಠ ಬೆಲೆ ಕಾನೂನಿದೆ, ಯೂನಿಟ್‌ಗೆ (10 ಎಂಎಲ್ ಶುದ್ಧ ಆಲ್ಕೋಹಾಲ್‌ಗೆ) 65 ಪೆನ್ಸ್, ಹಂಗಾಗಿ ಶೇ. 40ರ 700 ಎಂಎಲ್ ಬಾಟಲಿ 18.20 ಪೌಂಡ್‌ಗಿಂತ ಕಮ್ಮಿಗೆ ಸಿಗಲ್ಲ. ಅಂಗಡಿಗಳಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 10ರ ತನಕ ಮಾತ್ರ ಮಾರ್ತಾರೆ. ಕಾರ್ ಓಡಿಸೋರ ಲಿಮಿಟ್ ಇಂಗ್ಲೆಂಡ್‌ಗಿಂತ ಇಲ್ಲಿ ಬಿಗಿ, ಡಿಸ್ಟಿಲರಿ ನೋಡೋಕೆ ಹೋಗೋದಿದ್ರೆ ಬಸ್ಸಲ್ಲೋ ಟ್ರೇನಲ್ಲೋ ಹೋಗಿ.