ದುಡ್ಡಿಲ್ಲದೆ ನಡೆಯುವ ಸಂತೆ ನಿಜವಾಗಿಯೂ ಇದೆಯಾ? ಲಾಮಲೇರಾದಲ್ಲಿ ನಾನು ಕಂಡದ್ದು

"ಇಂಡೋನೇಷ್ಯಾದ ಯಾವುದೋ ದ್ವೀಪದಲ್ಲಿ ತಿಮಿಂಗಿಲದ ಮಾಂಸ ಕೊಟ್ಟು ಬಾಳೆಹಣ್ಣು ತಗೊಳ್ತಾರಂತೆ, ದುಡ್ಡೇ ಬೇಡವಂತೆ. ಇದು ನಿಜವಾ, ಸುಮ್ನೆ ಕಟ್ಟುಕಥೆಯಾ?" ಅಂತ ಕೇಳಿದ್ದೀರಿ.

ನಿಜ. 2018ರಲ್ಲಿ ನಾನೇ ಹೋಗಿ ನೋಡಿದ್ದೇನೆ. ಆ ಸಂತೆಯಲ್ಲಿ ಒಮ್ಮೆ ಮರ್ಯಾದೆಯನ್ನೂ ಕಳೆದುಕೊಂಡಿದ್ದೇನೆ, ಅದನ್ನು ಆಮೇಲೆ ಹೇಳುತ್ತೇನೆ.

ಊರಿನ ಹೆಸರು ಲಾಮಲೇರಾ. ಫ್ಲೋರೆಸ್ ದ್ವೀಪದ ಪೂರ್ವಕ್ಕೆ ಲೆಂಬಾಟ ಅಂತ ಒಂದು ದ್ವೀಪ ಇದೆ, ಅದರ ದಕ್ಷಿಣ ದಂಡೆಯಲ್ಲಿದೆ. ಎದುರಿಗೆ ಸಾವು ಸಮುದ್ರ. ಹೆಸರು ಕೇಳಿ ಹೆದರಬೇಡಿ, ಸಾವು ಅನ್ನುವುದು ಅಲ್ಲಿನ ಒಂದು ದ್ವೀಪದ ಹೆಸರು. ಫ್ಲೋರೆಸ್‌ನ ತುದಿಯಲ್ಲಿರುವ ಲರಂತುಕದಿಂದ ದೋಣಿ ಹಿಡಿದು ಲೆವೊಲೆಬಾಕ್ಕೆ ಹೋದೆ. ಅದು ಲೆಂಬಾಟದ ಮುಖ್ಯ ಪಟ್ಟಣ. ಅಲ್ಲಿಂದ ಮುಂದಕ್ಕೆ ಹಲಗೆ ಬೆಂಚು ಜೋಡಿಸಿದ ಲಾರಿ. ಅಕ್ಕಿ ಮೂಟೆ, ಸಿಮೆಂಟ್ ಚೀಲ, ಕಾಲು ಕಟ್ಟಿದ ಕೋಳಿಗಳು, ಅವುಗಳ ಮಧ್ಯೆ ನಾವು. ದ್ವೀಪದ ಈ ದಂಡೆಯಿಂದ ಆ ದಂಡೆಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ಕಳೆದು ಸಂಜೆಯಾಗಿತ್ತು.

ಲಾರಿಯಿಂದ ಇಳಿದ ಕೂಡಲೇ ಗೊತ್ತಾಗುವುದು ವಾಸನೆ. ಮನೆಗಳ ಮುಂದೆ ಬಿದಿರಿನ ಗಳು ಕಟ್ಟಿ, ನಾವು ಪಂಚೆ ಒಣಹಾಕುವ ಹಾಗೆ ಮಾಂಸದ ಉದ್ದುದ್ದ ಪಟ್ಟಿಗಳನ್ನು ಒಣಹಾಕಿರುತ್ತಾರೆ. ಅದರಿಂದ ಎಣ್ಣೆ ತೊಟ್ಟಿಕ್ಕುತ್ತಿರುತ್ತದೆ. ಮೊದಲ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರನೇ ದಿನಕ್ಕೆ ವಾಸನೆಯೇ ಗೊತ್ತಾಗಲಿಲ್ಲ.

ಊರು ಕೂತಿರುವ ಜಾಗ ನೋಡಿದರೆ ಸಂತೆ ಯಾಕೆ ಬೇಕು ಅಂತ ಅರ್ಥವಾಗುತ್ತದೆ. ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿದಿದೆ. ಎಲ್ಲಿ ನೋಡಿದರೂ ಕಲ್ಲು. ಮೇಲಿನ ಭಾಗಕ್ಕೆ ಲಾಮಲೇರಾ ಎ, ಕೆಳಗಿನದಕ್ಕೆ ಲಾಮಲೇರಾ ಬಿ ಅಂತ ಸರ್ಕಾರಿ ಹೆಸರು. ಶಾಲೆಯ ಸೆಕ್ಷನ್ ಇದ್ದ ಹಾಗೆ, ಅಲ್ವಾ? ಗದ್ದೆ ಇಲ್ಲ, ಹೇಳಿಕೊಳ್ಳುವಂಥ ಹೊಲವೂ ಇಲ್ಲ. ಒಂದು ಚಿಕ್ಕ ಮರಳ ದಂಡೆ, ಅದರ ಅಂಚಿಗೆ ಸಾಲಾಗಿ ದೋಣಿ ನಿಲ್ಲಿಸುವ ಮನೆಗಳು. ಅಷ್ಟೇ ಆಸ್ತಿ. ಹಿಂದಿನ ಬೆಟ್ಟದ ಹಳ್ಳಿಗಳಲ್ಲಿ ಮುಸುಕಿನ ಜೋಳ, ಬಾಳೆ, ಗೆಣಸು ಬೆಳೆಯುತ್ತದೆ. ಅಲ್ಲಿ ಮೀನಿಲ್ಲ, ಇಲ್ಲಿ ಕಾಳಿಲ್ಲ.

ನಾನು ಉಳಿದುಕೊಂಡ ಮನೆಯ ಯಜಮಾನಿಯನ್ನು ಎಲ್ಲರೂ "ಮಾಮಾ" ಅನ್ನುತ್ತಿದ್ದರು. ಆ ಕಡೆ ಮದುವೆಯಾದ ಹೆಂಗಸರನ್ನು ಕರೆಯುವುದೇ ಹಾಗೆ. ಎರಡು ದಿನ ನನ್ನ ಬಾಯಿಗೆ ಬರಲೇ ಇಲ್ಲ. ನಮ್ಮಮ್ಮನ ವಯಸ್ಸಿನವರನ್ನು ಮಾಮಾ ಅನ್ನುವುದು ಹೇಗೆ ಹೇಳಿ! ಬೆಳಿಗ್ಗೆ ಅವರು ಮಣ್ಣಿನ ಮಡಕೆಯಲ್ಲಿ ಜೋಳ ಹುರಿಯುತ್ತಿದ್ದರು. ಕಾಳು ಬಿಸಿಯಾಗಿರುವಾಗಲೇ ಬರಿಗೈಲಿ ಒಂದೆರಡು ತೆಗೆದು ಚಪ್ಪಟೆ ಕಲ್ಲಿನ ಮೇಲಿಟ್ಟು, ಇನ್ನೊಂದು ಕಲ್ಲಿನಿಂದ ಟಪ್ ಅಂತ ಒಂದೇ ಏಟು. ಮತ್ತೆ ಮಡಕೆಗೆ ಕೈ. ಬೆರಳು ಸುಡುವುದೇ ಇಲ್ಲವೇನೋ ಅನ್ನುವ ವೇಗ. ಅದಕ್ಕೆ "ಜಾಗುಂಗ್ ತಿತಿ" ಅನ್ನುತ್ತಾರೆ. ನಮಗೆ ಹೇಳುವುದಾದರೆ ಜೋಳದ ಅವಲಕ್ಕಿ. ನಾನೂ ಕೈ ಹಾಕಿದೆ, ನಾಲ್ಕನೇ ಕಾಳಿಗೆ ಬೊಬ್ಬೆ ಬಂತು.

ಇನ್ನು ತಿಮಿಂಗಿಲ. ನಾನಿದ್ದ ಐದು ದಿನದಲ್ಲಿ ಒಂದೂ ಬರಲಿಲ್ಲ. ಹಾಗಾಗಿ ಬೇಟೆಯನ್ನು ಕಣ್ಣಾರೆ ಕಂಡೆ ಅಂತ ಸುಳ್ಳು ಹೇಳುವುದಿಲ್ಲ. ಊರವರು ಹೇಳಿದ್ದು, ದೋಣಿ ಮನೆಯಲ್ಲಿ ಕೂತು ನೋಡಿದ್ದು ಇಷ್ಟು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬೇಟೆಯ ಕಾಲ, ಅದಕ್ಕೆ "ಲೆವಾ" ಅಂತ ಹೆಸರು. ಊರವರು ಕ್ಯಾಥೋಲಿಕರು, ಶುರುವಿನಲ್ಲಿ ಪಾದ್ರಿ ಸಮುದ್ರದ ದಂಡೆಯಲ್ಲೇ ಪೂಜೆ ಮಾಡಿ ದೋಣಿಗಳಿಗೆ ಪವಿತ್ರ ಜಲ ಚಿಮುಕಿಸುತ್ತಾರೆ. ಅದರ ಜೊತೆಗೇ ಆ ನೆಲದ ಮೂಲ ಒಡೆಯರಾದ ಕುಲದವರು ಬೆಟ್ಟಕ್ಕೆ ಹೋಗಿ ತಿಮಿಂಗಿಲಗಳನ್ನು ಕರೆಯುವ ಹಳೆಯ ಶಾಸ್ತ್ರವೂ ನಡೆಯುತ್ತದೆ. ಎರಡಕ್ಕೂ ಜಗಳವಿಲ್ಲ.

ದೋಣಿಗೆ "ತೇನಾ" ಅನ್ನುತ್ತಾರೆ. ಹಲಗೆ ಜೋಡಿಸಲು ಕಬ್ಬಿಣದ ಮೊಳೆ ಬಳಸುವುದಿಲ್ಲ, ಮರದ ಗೂಟ ಮತ್ತು ಬೆತ್ತದ ಕಟ್ಟು. ಹಾಯಿಯೂ ಬಟ್ಟೆಯದಲ್ಲ, ತಾಳೆಗರಿಯಂಥ ಗರಿಯಲ್ಲಿ ಹೆಣೆದ ಚಾಪೆ. ದೂರದಲ್ಲಿ ತಿಮಿಂಗಿಲ ಉಸಿರು ಬಿಟ್ಟದ್ದು ಕಂಡರೆ "ಬಲೆಓ!" ಅಂತ ಕೂಗು ಏಳುತ್ತದೆ, ಊರೆಲ್ಲ ದಂಡೆಗೆ ಓಡುತ್ತದೆ. ದೋಣಿಯ ಮೂತಿಯಿಂದ ಮುಂದಕ್ಕೆ ಚಾಚಿದ ಬಿದಿರಿನ ಅಟ್ಟದ ಮೇಲೆ ಒಬ್ಬ ನಿಂತಿರುತ್ತಾನೆ, ಅವನು "ಲಾಮಾಫಾ". ಉದ್ದನೆಯ ಬಿದಿರಿನ ತುದಿಗೆ ಸಿಕ್ಕಿಸಿದ ಈಟಿ ಹಿಡಿದು, ಎಸೆಯುವುದಲ್ಲ, ಈಟಿಯ ಸಮೇತ ಮೈಭಾರ ಹಾಕಿ ಹಾರುತ್ತಾನೆ. ಈಗ ಮೋಟಾರ್ ದೋಣಿಗಳೂ ಬಂದಿವೆ. ಆದರೂ ಈ ಹಾರುವ ಕೆಲಸ ಮನುಷ್ಯನದೇ. ಅವರು ಹಿಡಿಯುವುದು ಹಲ್ಲಿರುವ ಸ್ಪರ್ಮ್ ತಿಮಿಂಗಿಲ. ನೀಲಿ ತಿಮಿಂಗಿಲವನ್ನು ಮುಟ್ಟುವುದಿಲ್ಲ, ಅದು ತಮ್ಮ ಹಿರಿಯರನ್ನು ಕಾಪಾಡಿತ್ತು ಅಂತ ನಂಬಿಕೆ.

"ಇದು ಕಾನೂನಿಗೆ ಸರಿಯಾ?" ಅಂತ ಕೆಳಗೆ ಯಾರಾದರೂ ಕೇಳಿಯೇ ಕೇಳುತ್ತೀರಿ. ಇಂಡೋನೇಷ್ಯಾದಲ್ಲಿ ತಿಮಿಂಗಿಲ ಸಂರಕ್ಷಿತ ಪ್ರಾಣಿ. ಆದರೆ ಆ ದೇಶ ತಿಮಿಂಗಿಲ ಬೇಟೆಗೆ ನಿಯಮ ಮಾಡುವ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗದ ಸದಸ್ಯ ಅಲ್ಲ, ಈ ಊರಿನ ಬೇಟೆಯನ್ನು ಹೊಟ್ಟೆಪಾಡಿನ ಹಳೇ ಪದ್ಧತಿ ಅಂತ ನಡೆಯಲು ಬಿಟ್ಟಿದ್ದಾರೆ. 2014ರಿಂದ ಮಾಂಟಾ ತೊರಕೆ ಮೀನಿಗೆ ದೇಶದಾದ್ಯಂತ ರಕ್ಷಣೆ ಬಂದಿದೆ. ಅದನ್ನೂ ಇವರು ತಲೆಮಾರುಗಳಿಂದ ಹಿಡಿಯುತ್ತಿದ್ದವರು. ಅದರ ಮಾತು ಎತ್ತಿದರೆ ಗಂಡಸರ ಮುಖ ಬಿಗಿಯುತ್ತಿತ್ತು. ನನಗೆ ಇಬ್ಬರ ಕಡೆಯೂ ನ್ಯಾಯ ಕಂಡಿತು, ತೀರ್ಪು ಕೊಡಲು ಹೋಗುವುದಿಲ್ಲ.

ನನ್ನ ಮಟ್ಟಿಗೆ ಬೇಟೆಗಿಂತ ದೊಡ್ಡ ವಿಷಯ ಪಾಲು. ಸಿಕ್ಕಿದ ತಿಮಿಂಗಿಲದ ಯಾವ ತುಂಡು ಯಾರಿಗೆ ಅನ್ನುವುದು ಮೊದಲೇ ನಿಗದಿ. ದೋಣಿ ಕಟ್ಟಿದವನಿಗೆ, ಹಾಯಿ ಹೆಣೆದವನಿಗೆ, ಈಟಿ ಬಡಿದುಕೊಟ್ಟ ಕಮ್ಮಾರನಿಗೆ, ಹಾರಿದವನಿಗೆ, ಹುಟ್ಟು ಹಾಕಿದವರಿಗೆ, ನೆಲದ ಒಡೆಯರಿಗೆ. ಅವರ ಕೈಯಿಂದ ನೆಂಟರಿಗೆ, ವಿಧವೆಯರಿಗೆ ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಕಣದಲ್ಲೇ ಆಯಗಾರರಿಗೆ ಕಾಳು ಅಳೆದು ಕೊಡುತ್ತಿದ್ದರಲ್ಲ, ನನಗೆ ಅದೇ ನೆನಪಾಯಿತು.

ಹೀಗೆ ಪಾಲಿಗೆ ಬಂದ ಮಾಂಸ ಒಣಗಿದ ಮೇಲೆ ಹೆಂಗಸರ ಕೈಗೆ ಬರುತ್ತದೆ. ವಾರದ ದಿನಗಳಲ್ಲಿ ತಲೆ ಮೇಲೆ ಬೋಗುಣಿ ಹೊತ್ತು ಬೆಟ್ಟದ ಹಳ್ಳಿಗಳಿಗೆ ನಡೆದೇ ಹೋಗುತ್ತಾರೆ. ಶನಿವಾರ ಮಾತ್ರ ಎಲ್ಲರೂ ವುಲಾಂಡೋನಿಗೆ. ನೀವು ಕೇಳಿದ ಸಂತೆ ಅದೇ, ಲಾಮಲೇರಾದಿಂದ ಕೆಲವು ಕಿಲೋಮೀಟರ್ ದೂರ.

ನಾನು ಮಾಮಾ ಜೊತೆ ಹೋದೆ. ಬೆಟ್ಟದವರು ಒಂದು ಕಡೆ, ದಂಡೆಯವರು ಒಂದು ಕಡೆ ಸರಕು ಹರಡಿ ಕೂತಿದ್ದರು. ಈ ಕಡೆ ಒಣಮೀನು, ತಿಮಿಂಗಿಲ, ಉಪ್ಪು, ಸುಣ್ಣ. ಆ ಕಡೆ ಜೋಳದ ತೆನೆ, ಬಾಳೆಹಣ್ಣು, ಗೆಣಸು, ಅಡಿಕೆ. ವೀಳ್ಯದೆಲೆ ಎಲ್ಲಿ ಅಂತ ಹುಡುಕಿದರೆ ಎಲೆಯೇ ಇಲ್ಲ! ಅವರು ಆ ಬಳ್ಳಿಯ ಕಾಯಿಯನ್ನು ಸುಣ್ಣಕ್ಕೆ ಅದ್ದಿ ಅಡಿಕೆ ಜೊತೆ ಜಗಿಯುತ್ತಾರೆ. ಅಡಿಕೆ ಸೀಮೆಯವನಾದ ನನಗೆ ಇದೊಂದು ಜಗಿದು ನೋಡಲೇಬೇಕಿತ್ತು. ಎಲೆಗಿಂತ ಖಾರ ಜಾಸ್ತಿ.

ಸಂತೆಯ ಅಧಿಕಾರಿ ಮೊದಲು ಸುತ್ತು ಹಾಕಿ ಸುಂಕ ಎತ್ತಿದ, ಅದೂ ಸರಕಿನ ರೂಪದಲ್ಲೇ. ಆಮೇಲೆ ಸೀಟಿ. ಸೀಟಿ ಆಗುವವರೆಗೆ ಯಾರೂ ಸರಕು ಬದಲಾಯಿಸುವ ಹಾಗಿಲ್ಲ. ಲೆಕ್ಕ ಸರಳ, ಮಾಂಸದ ಒಂದು ಪಟ್ಟಿಗೆ ಹನ್ನೆರಡು ಬಾಳೆಹಣ್ಣು ಅಥವಾ ಹನ್ನೆರಡು ತೆನೆ. ಎಣಿಸುವುದು ಆರಾರರ ಲೆಕ್ಕದಲ್ಲಿ. ಸೋಪು, ಬಟ್ಟೆ, ಪ್ಲಾಸ್ಟಿಕ್ ಸಾಮಾನು ಮಾರುವವರೂ ಇದ್ದರು, ಅವರಿಗೆ ದುಡ್ಡೇ ಬೇಕು. ಅಲ್ಲಿನ ದುಡ್ಡಿನ ಹೆಸರು ರುಪಿಯಾ, ನಮ್ಮ ರೂಪಾಯಿಯ ಹಾಗೇ ಕೇಳಿಸುತ್ತದೆ. ಹಾಗಾಗಿ ದುಡ್ಡು ಕಾಣದ ಜನ ಅಂತ ಬರೆಯುವವರನ್ನು ನಂಬಬೇಡಿ. ಮಕ್ಕಳ ಫೀಸಿಗೆ ದುಡ್ಡು, ಊಟಕ್ಕೆ ಸರಕಿಗೆ ಸರಕು, ಎರಡೂ ಪಕ್ಕಪಕ್ಕದಲ್ಲೇ ಇವೆ.

ಮಾಮಾ ನನ್ನ ಕೈಗೊಂದು ಪಟ್ಟಿ ಕೊಟ್ಟು "ಹೋಗು, ನೀನೇ ಬದಲಾಯಿಸು" ಅಂದರು. ಬಾಳೆಹಣ್ಣಿನ ಅಜ್ಜಿಯ ಮುಂದೆ ಕೂತೆ. ಅಜ್ಜಿ ಅದನ್ನು ಒತ್ತಿ ನೋಡಿದರು, ಮೂಸಿದರು, ಬೆಳಕಿಗೆ ಹಿಡಿದರು. ಆಮೇಲೆ ನನ್ನನ್ನೂ ಹಾಗೇ ಮೇಲಿಂದ ಕೆಳಗೆ ನೋಡಿ, ತಲೆ ಅಲ್ಲಾಡಿಸಿ ಪಟ್ಟಿಯನ್ನು ವಾಪಸ್ ಕೊಟ್ಟರು. ತೀರಾ ತೆಳ್ಳಗಿದೆಯಂತೆ. ಅಕ್ಕಪಕ್ಕದವರೆಲ್ಲ ನಕ್ಕಿದ್ದೇ ನಕ್ಕಿದ್ದು. ಮಾಮಾ ಎದ್ದು ಬಂದು, ಪಟ್ಟಿಯ ಮೇಲೊಂದು ಹಿಡಿ ಉಪ್ಪು ಸೇರಿಸಿದರು. ಅಜ್ಜಿ ಆರು, ಮತ್ತೆ ಆರು ಎಣಿಸಿ ನನ್ನ ಮಡಿಲಿಗೆ ಹಾಕಿದರು.